ಹಿಡಕಲ್ಲಿನ ಮಕ್ಕಳಿಗೊಂದು ಹುರುಪಿನ ಮೇಳ

ಹಿಡಕಲ್ಲೆಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವದು ಅಣೆಕಟ್ಟು. 1977ರಲ್ಲಿ ಮುಗಿದ ಆ ಕಟ್ಟಡವು 51 ಟಿ.ಎಂ.ಸಿ. ನೀರನ್ನು ಹಿಡಿದಿಟ್ಟು ಘಟಪ್ರಭೆಯ ಬಯಲಿನ ಹೊಲಗಳಿಗೂ ಬೆಳಗಾವಿ ನಗರದ ನಳಗಳಿಗೂ ಒದಗಿಸುತ್ತಿರುವದು ಸರ್ವವಿದಿತವೇ. ನೀರಿನ ಮಟ್ಟ, ಕಾಲುವೆಯ ಪಾಳಿ, ಕಬ್ಬಿನ ದರ, ಇವುಗಳನ್ನು ಕುರಿತು ಆ ಸೀಮೆಯಲ್ಲಿ ನಡೆಯುವ ಚರ್ಚೆಗೆ ಕೊನೆಯೆಂಬದಿಲ್ಲ. ಆದರೆ ಜಲಾಶಯದ ದಂಡೆಯ ಊರುಗಳಲ್ಲಿ ಸಾಯಂಕಾಲ ಶಾಲೆಯಿಂದ ಮರಳಿದ ಮಕ್ಕಳು ಕತ್ತಲಾಗುವವರೆಗೆ ಏನು ಮಾಡುತ್ತಾರೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಬ್ಯಾಟು ಉಳ್ಳವನ ಸುತ್ತ ಹತ್ತು ಹುಡುಗರು ಕ್ರಿಕೆಟ್ ಆಡುತ್ತಾರೆ. ಉಳಿದವರು ಮೊಬೈಲಿನ ಮೇಲೆ ಬಗ್ಗುತ್ತಾರೆ. ಹೆಣ್ಣುಮಕ್ಕಳಂತೂ ಏಳನೆಯ ಇಯತ್ತೆ ದಾಟಿದರೆಂದರೆ ಆಟದ ಬಯಲಿನಿಂದಲೇ ಮಾಯವಾಗುತ್ತಾರೆ. ಇಂಥ ಊರಿನಲ್ಲಿ ಕಾಲೇಜು ಕಲಿತ ತರುಣನಾಗಲಿ ತರುಣಿಯಾಗಲಿ ಮುಂದೆ ಬಂದು, “ನಾನು ಮಕ್ಕಳನ್ನು ಕೂಡಿಸಿ ಚಿಯರ್‌ಲೀಡಿಂಗ್ ಕಲಿಸುವೆ, ಶಾಲೆಯ ಅಂಗಳವನ್ನು ಒಂದು ತಾಸು ಕೊಡಿರಿ” ಎಂದು ಕೇಳಿದರೆ ಊರ ಹಿರಿಯರು ಏನೆನ್ನಬೇಕು? ಕೊಡತಕ್ಕದ್ದೆಂದೇ ನಮ್ಮ ಮತ. ಆದರೆ ಈ ಮತಕ್ಕೆ ಬರಲು ಹಿರಿಯರ ಆಕ್ಷೇಪವನ್ನೂ ತರುಣರ ಅವಸರವನ್ನೂ ಒಂದಿಷ್ಟು ಪರಾಮರ್ಶಿಸುವದು ಅವಶ್ಯವಾಗಿದೆ.

ಮೊದಲು ಹೆಸರಿನ ಮಾತು. ಚಿಯರ್‌ಲೀಡಿಂಗ್ ಎಂಬ ಶಬ್ದವು ನಮ್ಮ ನಾಡಿಗೆ ಬಂದ ರೀತಿ ಚೆನ್ನಾಗಿರಲಿಲ್ಲ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐ.ಪಿ.ಎಲ್. ಪಂದ್ಯಗಳು ಆರಂಭವಾದಾಗ, ಬೆಂಗಳೂರು ತಂಡದವರು ಅಮೆರಿಕೆಯ ವಾಶಿಂಗ್ಟನ್ನಿನ ಫುಟ್‌ಬಾಲ್ ತಂಡದ ನರ್ತಕಿಯರನ್ನು ಕರೆಯಿಸಿ ಕುಣಿಸಿದರು. ನಮ್ಮ ಜನ ಅದನ್ನು ದೂರದರ್ಶನದಲ್ಲಿ ನೋಡಿ ಕೆಲವರು ಬಾಯಿ ಚಪ್ಪರಿಸಿದರು, ಕೆಲವರು ಬಾಯಿ ಮುಚ್ಚಿಕೊಂಡರು; ಎರಡು ಪಕ್ಷದವರೂ ಅದಿಷ್ಟೇ ಎಂದು ತಿಳಿದರು. ಬಂಡವಾಳದವರು ಬೌಂಡರಿಯ ಆಚೆಗೆ ಕಟ್ಟೆಯ ಮೇಲೆ ನಿಲ್ಲಿಸಿದ ಆ ಕುಣಿತಕ್ಕೂ, ಶಾಲೆಯ ಮಕ್ಕಳು ಕೂಡಿ ಕಲಿಯುವ ಈ ವ್ಯಾಯಾಮಕ್ಕೂ ಇರುವ ಅಂತರವು, ಸರ್ಕಸ್ಸಿನ ಕುಸ್ತಿಗೂ ಗರಡಿಯ ಕುಸ್ತಿಗೂ ಇರುವ ಅಂತರಕ್ಕಿಂತ ಕಡಿಮೆಯಲ್ಲ.

ಇದರ ಹುಟ್ಟನ್ನು ನೋಡಿದರೆ ವಾಚಕರಿಗೆ ಆಶ್ಚರ್ಯವಾದೀತು. 1898ರ ನವೆಂಬರಿನಲ್ಲಿ ಅಮೆರಿಕೆಯ ಮಿನಿಸೋಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಾನಿ ಕ್ಯಾಂಪಬೆಲ್ ಎಂಬವನು, ತನ್ನ ವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಹುರುಪು ತುಂಬಲು ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಹೇಳಿಸಿದನು. ಮುಂದೆ ಬಹಳ ವರ್ಷಗಳವರೆಗೆ ಅದು ಕೇವಲ ಗಂಡಸರ ಕೆಲಸವಾಗಿತ್ತು. ಅದೇ ವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ದೊರೆತದ್ದು 1923ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ತರುಣರು ಹೊರಟುಹೋದಾಗ ಬಿಟ್ಟ ಸ್ಥಳಗಳನ್ನು ತುಂಬಿದವರು ಹೆಣ್ಣುಮಕ್ಕಳೇ. 1948ರಲ್ಲಿ ಟೆಕ್ಸಾಸಿನ ಲಾರೆನ್ಸ್ ಹರ್ಕಿಮರ್ ಎಂಬ ತರುಣನು ಇದನ್ನು ಕಲಿಸುವದಕ್ಕೆಂದೇ ಒಂದು ಶಿಬಿರ ತೆರೆದನು. ಬಂದವರು 53 ಜನ, ಅವರಲ್ಲಿ 52 ಜನ ಹುಡುಗಿಯರು. ಆ ಸಣ್ಣ ಶಿಬಿರದಂಥವುಗಳಿಂದ ಬೆಳೆದ ವಿದ್ಯೆಯು ಇಂದು ಜಿಗಿತ, ಉರುಳು, ಎತ್ತುವಿಕೆ, ಗೋಪುರ ಇವುಗಳನ್ನೊಳಗೊಂಡ ಸಾಂಘಿಕ ಕ್ರೀಡೆಯಾಗಿದೆ. 2021ರ ಜುಲೈಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಇದರ ಜಾಗತಿಕ ಸಂಸ್ಥೆಗೆ ಪೂರ್ಣ ಮಾನ್ಯತೆಯನ್ನು ಕೊಟ್ಟಿತು. ಆದುದರಿಂದ ಇದು ಆಟವೋ ಕುಣಿತವೋ ಎಂಬ ವಾದವನ್ನು ನಾವು ಇಲ್ಲಿಗೆ ಬಿಡುತ್ತೇವೆ.

ಪರದೇಶದ್ದೆಂಬ ಆಕ್ಷೇಪ ಉಳಿಯಿತು. ಕ್ರಿಕೆಟ್ಟನ್ನು ಯಾವ ಋಷಿ ಕಂಡುಹಿಡಿದನೆಂದು ಕೇಳಿ ಸುಮ್ಮನಾಗಬಹುದಾಗಿತ್ತು. ಆದರೆ ಆಕ್ಷೇಪದ ಬುಡವೇ ಸಡಿಲವಾಗಿದೆ. ನಮ್ಮ ಕಡೆಯ ಯಾವ ಜಾತ್ರೆಯ ಕುಸ್ತಿಯ ಕಣಕ್ಕಾದರೂ ಹೋಗಿ ನೋಡಿರಿ. ಹಲಗಿಯವನು ಸುಮ್ಮನೆ ಬಾರಿಸುತ್ತ ನಿಲ್ಲುವದಿಲ್ಲ. ಪೈಲವಾನರು ಕೈ ಹಿಡಿದಾಗ ಒಂದು ಗತ್ತು, ಒಬ್ಬನು ಮೇಲಾದಾಗ ಇನ್ನೊಂದು, ಚಿತ್ ಮಾಡುವ ಹೊತ್ತಿಗೆ ಕಿವಿ ಗಡಚಿಕ್ಕುವ ಮತ್ತೊಂದು. ಸಾವಿರ ಜನರ ಉಸಿರನ್ನು ಎರಡು ಕಡ್ಡಿಗಳ ತುದಿಯಲ್ಲಿ ಹಿಡಿದಾಡಿಸುವ ಆ ಬಡವನಿಗಿಂತ ದೊಡ್ಡ ಚಿಯರ್‌ಲೀಡರು ಮಿನಿಸೋಟಾದಲ್ಲಿ ಇರಲಾರನು. ಸಾಲುಸಾಲಾಗಿ ನಿಂತ ಹುಡುಗರು ಒಂದೇ ಹೆಜ್ಜೆ ಹಾಕಿ ತಿರುಗುವ ಹೆಜ್ಜೆಮೇಳ, ಲೇಜಿಮಿನ ಸಾಲು, ಕೊರಳಿಗೆ ಡೊಳ್ಳು ಕಟ್ಟಿಕೊಂಡೇ ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವ ಡೊಳ್ಳಿನವರ ಗೋಪುರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಕ್ಕಳು ಮಲ್ಲಕಂಬದ ಮೇಲೆ ತೋರುವ ಕಸರತ್ತು: ಇವನ್ನೆಲ್ಲ ಕಂಡವರಿಗೆ ಈ ಹೊಸ ವಿದ್ಯೆಯಲ್ಲಿ ಗುರುತು ಸಿಗದ ಅಂಗವು ಬಹಳವಿಲ್ಲ. ಅಮೆರಿಕೆಯವರು ಒಂದರಿಂದ ಎಂಟರವರೆಗೆ ಎಣಿಸಿ ಹೆಜ್ಜೆ ಹಾಕಿಸುತ್ತಾರೆ. ಅದೇ ಎಂಟರ ಎಣಿಕೆಯನ್ನು ಹಲಗಿಯ ಮೇಲೆ ಕೂಡ್ರಿಸಿದರೆ ಹಿಡಕಲ್ಲಿನ ಹುಡುಗನಿಗೆ ಎಣಿಕೆಯೇ ಬೇಕಾಗಲಿಕ್ಕಿಲ್ಲ. ಹಾಗೆಂದು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವ ಪಂಗಡದವರು ನಾವಲ್ಲ. ನಮ್ಮಲ್ಲಿ ಇಲ್ಲದ್ದು ಒಂದಿದೆ, ಅದನ್ನು ಮುಂದೆ ಹೇಳುವೆವು.

ಹೆಣ್ಣುಮಕ್ಕಳು ನಾಲ್ಕು ಜನರೆದುರು ಕೈಕಾಲು ಆಡಿಸುವದು ಸರಿಯಲ್ಲವೆಂಬ ಮಾತು ಇನ್ನೊಂದು. ಈ ಮಾತು ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಬಾರದಾಗಿತ್ತು. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಕುಲಗೋಡದ ತಮ್ಮಣ್ಣನವರು ರೂಪವಿತ್ತ ಸೀಮೆಯಿದು. ಆ ಆಟದ ಮೇಳವನ್ನು ಕಟ್ಟಿಕೊಂಡು ಸ್ವತಃ ರಂಗಕ್ಕಿಳಿದು ಹೆಸರಾದ ಕೌಜಲಗಿಯ ನಿಂಗಮ್ಮನವರು ಇದೇ ಗೋಕಾಕ ಸೀಮೆಯ ಹೆಣ್ಣುಮಗಳು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನೆರೆದಾಗ, ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು 150ಕ್ಕೂ ಮಿಕ್ಕಿದ ಹೆಂಗಸರನ್ನು ಸ್ವಯಂಸೇವಿಕೆಯರಾಗಿ ಅಣಿಗೊಳಿಸಿ ಕರೆತಂದರು. ಉಮಾಬಾಯಿಯವರು ಸ್ವತಃ ವಿಧವೆಯರು. ಅವರೊಡನೆ ಬಂದವರಲ್ಲಿಯೂ ವಿಧವೆಯರಿದ್ದರು. ಮಡಿಯ ಮೂಲೆಯಲ್ಲಿ ಕೂಡ್ರಬೇಕಾಗಿದ್ದ ಹೆಂಗಸರು ದೇಶದ ಪ್ರತಿನಿಧಿಗಳ ಸಮಕ್ಷಮ ಸಾಲುಗಟ್ಟಿ ನಿಂತು ಕೆಲಸ ಮಾಡಿದ ಜಿಲ್ಲೆಯಲ್ಲಿ, ನೂರು ವರ್ಷಗಳ ತರುವಾಯ ಹನ್ನೆರಡು ವರ್ಷದ ಹುಡುಗಿ ಶಾಲೆಯ ಅಂಗಳದಲ್ಲಿ ಜಿಗಿಯಬಾರದೆಂದರೆ ನಾವು ಹಿಂದಕ್ಕೆ ಸರಿದೆವೆಂದೇ ಅರ್ಥ. ಉಡುಪಿನ ಚಿಂತೆ ಇದ್ದವರಿಗೆ ಉತ್ತರ ಸುಲಭವಿದೆ: ಶಾಲೆಯ ವ್ಯಾಯಾಮದ ತಾಸಿಗೆ ಉಡುವ ಅಂಗಿ ಪಾಯಿಜಾಮೆಗಳೇ ಸಾಕು. ಜಡೆಯನ್ನು ಬಿಗಿಯಾಗಿ ಕಟ್ಟತಕ್ಕದ್ದು. ಬಳೆ, ಸರ, ಓಲೆಗಳನ್ನು ಮನೆಯಲ್ಲಿಟ್ಟು ಬರತಕ್ಕದ್ದು. ಇದು ಶೀಲದ ಮಾತಲ್ಲ, ಮೈಗೆ ಗಾಯವಾಗದಿರಲೆಂಬ ಮಾತು.

ತರುಣರು ಇಂಥ ಕೆಲಸಕ್ಕೆ ಕೈಹಾಕಿದಾಗ ಏನೇನು ಎದುರಾಗುತ್ತದೆಂಬದಕ್ಕೆ ಹಿಡಕಲ್ಲಿನವರು ದೂರ ಹುಡುಕಬೇಕಾಗಿಲ್ಲ. ಅಣೆಕಟ್ಟಿನಿಂದ ಹೊಳೆಯ ಗುಂಟ ಕೆಳಗಿಳಿದರೆ ಸಿಗುವ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದಲ್ಲಿ ಡಾ. ನಾ. ಸು. ಹರ್ಡೀಕರರು ತಮ್ಮ ಬಾಳಿನ ಬಹುಕಾಲವನ್ನು ಕಳೆದರು. ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ 1921ರಲ್ಲಿ ಮರಳಿದ ಈ ವೈದ್ಯರು ದವಾಖಾನೆ ತೆರೆದು ಹಣ ಎಣಿಸುವದನ್ನು ಬಿಟ್ಟು ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಕವಾಯತು ಕಲಿಸತೊಡಗಿದರು. 1923ರ ನಾಗಪುರ ಧ್ವಜಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಆ ಸ್ವಯಂಸೇವಕರು ಕ್ಷಮೆ ಬೇಡದೆ ಸೆರೆಮನೆಯ ಕಷ್ಟವನ್ನು ಸಹಿಸಿದ ರೀತಿಯು ದೇಶದ ಮುಖಂಡರ ಕಣ್ಣು ತೆರೆಯಿಸಿತು. ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಲವು ಜನ್ಮ ತಾಳಿತು. ಆಗ ಹರ್ಡೀಕರರಿಗೆ 34 ವರ್ಷ. ಮಿನಿಸೋಟಾದ ಹುಡುಗಿಯರು ಮೈದಾನಕ್ಕಿಳಿದದ್ದೂ ಅದೇ ವರ್ಷವೆಂಬದು ಕೇವಲ ಕಾಕತಾಳೀಯ. ಆದರೆ ನೆನಪಿನಲ್ಲಿಡಲು ಅನುಕೂಲವಾಗಿದೆ.

ಆದರೆ ಹರ್ಡೀಕರರನ್ನು ಎಲ್ಲರೂ ಹಾರ ಹಾಕಿ ಸ್ವಾಗತಿಸಿದರೆ? ಇಲ್ಲ. ಸಾಲು, ಶಿಸ್ತು, ಸಮವಸ್ತ್ರ, ಕವಾಯತು ಇವೆಲ್ಲ ದಂಡಿನ ಲಕ್ಷಣಗಳೆಂದೂ ಅಹಿಂಸೆಯ ತತ್ತ್ವಕ್ಕೆ ಒಗ್ಗುವವಲ್ಲವೆಂದೂ ಕಾಂಗ್ರೆಸ್ಸಿನೊಳಗಿನವರೇ ಗೊಣಗಿದರು. ಜವಾಹರಲಾಲ ನೆಹರೂ ಅವರಂಥ ಕೆಲವರು ಬೆನ್ನ ಹಿಂದೆ ನಿಂತದ್ದರಿಂದ ಕೆಲಸ ಮುಂದುವರಿಯಿತು. ಗೊಣಗಿದವರಿಗೆ ಹರ್ಡೀಕರರು ಕೊಟ್ಟ ಉತ್ತರವು ಭಾಷಣವಾಗಿರಲಿಲ್ಲ. ಮರುವರ್ಷ ಬೆಳಗಾವಿಯಲ್ಲಿ ಅಷ್ಟು ದೊಡ್ಡ ಜನಸಂದಣಿಯನ್ನು ಅವರ ಸ್ವಯಂಸೇವಕರು ಹೇಗೆ ನಡೆಯಿಸಿಕೊಂಡು ಹೋದರೆಂಬದೇ ಉತ್ತರವಾಯಿತು. 1932ರಲ್ಲಿ ಬ್ರಿಟಿಶ್ ಸರಕಾರವು ಸೇವಾದಲವನ್ನು ನಿಷೇಧಿಸಿತಷ್ಟೆ. ಮಕ್ಕಳಾಟವೆಂದು ಬಗೆದಿದ್ದರೆ ನಿಷೇಧಿಸುತ್ತಿರಲಿಲ್ಲ. ಹಿಡಕಲ್ಲಿನ ಮೇಳವು ಸ್ವರಾಜ್ಯವನ್ನು ಗಳಿಸಲು ಹೊರಟದ್ದಲ್ಲವೆಂಬದನ್ನು ನಾವು ಬಲ್ಲೆವು. ಆದರೂ 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣದ ಮನೆಗಳೊಳಗೆ ಹೊಕ್ಕಾಗ, ಕೂಗಿದ ಮಾತಿಗೆ ಒಟ್ಟಾಗಿ ಕೈ ಎತ್ತುವ, ಒಬ್ಬರ ಭಾರವನ್ನು ನಾಲ್ವರು ಹಂಚಿ ಹೊರುವ ಅಭ್ಯಾಸವುಳ್ಳ ತರುಣರ ಬೆಲೆ ಏನೆಂಬದು ಆ ಸೀಮೆಯವರಿಗೆ ತಿಳಿಯದ್ದಲ್ಲ.

ಇನ್ನು ತರುಣ ಶಿಕ್ಷಕರಿಗೆ ಎರಡು ಮಾತು. ಇಲ್ಲಿ ನಾವು ಸ್ವಲ್ಪ ಕಠಿಣವಾಗಿಯೇ ಬರೆಯುವೆವು. ನಮ್ಮಲ್ಲಿ ಇಲ್ಲದ್ದು ಒಂದಿದೆಯೆಂದು ಮೇಲೆ ಹೇಳಿದೆವಷ್ಟೆ; ಅದು ಮೆಟ್ಟಿಲು ಮೆಟ್ಟಿಲಾಗಿ ಏರುವ ತಾಳ್ಮೆ. ಮೊಬೈಲಿನಲ್ಲಿ ಮೂರು ಅಂತಸ್ತಿನ ಗೋಪುರ ಕಂಡ ಹುಡುಗನು ನಾಳೆಯೇ ಅದನ್ನು ಕಟ್ಟಹೊರಡುತ್ತಾನೆ. ನೆರೆಯ ಮಹಾರಾಷ್ಟ್ರದ ಮೊಸರುಗಡಿಗೆಯ ಗೋಪುರಗಳನ್ನು ನೋಡಿರಿ. ಬಿದ್ದವರ ಎಲುಬುಗಳ ಲೆಕ್ಕ ಹೆಚ್ಚಿ ಕಡೆಗೆ ನ್ಯಾಯಾಲಯವೇ ನಡುವೆ ಬರಬೇಕಾಯಿತು. 2014ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಗೋಪುರದ ಎತ್ತರಕ್ಕೆ 20 ಅಡಿಯ ಮಿತಿ ಹಾಕಿ 18 ವರ್ಷದೊಳಗಿನವರನ್ನು ಏರಿಸಕೂಡದೆಂದಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಹೇಳಿತು. 2017ರಲ್ಲಿ ಎತ್ತರದ ಮಿತಿ ಹೋಗಿ ವಯಸ್ಸಿನ ಮಿತಿಯು 14ಕ್ಕೆ ಇಳಿಯಿತು. ಈ ಸಡಿಲಿಕೆಯು ನಮಗೆ ಸರಿಯೆನಿಸುವದಿಲ್ಲ. ಅಮೆರಿಕೆಯಲ್ಲಿಯೂ ಶಾಲೆ ಕಾಲೇಜುಗಳ ಹೆಣ್ಣುಮಕ್ಕಳಿಗೆ ಆಟಗಳಲ್ಲಿ ಒದಗಿದ ಅತ್ಯಂತ ಭೀಕರ ಗಾಯಗಳಲ್ಲಿ ದೊಡ್ಡ ಪಾಲು ಚಿಯರ್‌ಲೀಡಿಂಗಿನದೇ ಎಂದು ಗಾಯಗಳ ಲೆಕ್ಕವಿಡುವ ಅಲ್ಲಿಯ ಸಂಸ್ಥೆಯು ತೋರಿಸಿಕೊಟ್ಟಿತು. ಅದರಿಂದ ಅವರು ಆಟವನ್ನು ಬಿಡಲಿಲ್ಲ. ಯಾವ ಮಟ್ಟದವರು ಏನನ್ನು ಮಾಡಬಹುದು, ಏನನ್ನು ಮಾಡಕೂಡದೆಂದು ಬರೆದಿಟ್ಟರು, ಶಿಕ್ಷಕರಿಗೆ ತರಬೇತಿ ಕಡ್ಡಾಯವೆಂದರು. ನಾವು ಅವರಿಂದ ತರಬೇಕಾದದ್ದು ಈ ಬರೆದಿಡುವ ಬುದ್ಧಿಯನ್ನು. ಜರಿಯ ಗೊಂಡೆಗಳನ್ನಲ್ಲ.

ಕೆಲಸದ ಮಾತನ್ನೇ ಹೇಳುವದಾದರೆ, ಮೊದಲ ಮೂರು ತಿಂಗಳು ಯಾರ ಕಾಲೂ ಯಾರ ಮೈಮೇಲೂ ಏರಬಾರದು. ನಿಲ್ಲುವದು, ಕೈ ಚಾಚುವದು, ಒಟ್ಟಿಗೆ ತಿರುಗುವದು, ಗಂಟಲನ್ನು ಹರಿದುಕೊಳ್ಳದೆ ಹೊಟ್ಟೆಯಿಂದ ದನಿ ತೆಗೆಯುವದು, ಜಿಗಿದಾಗ ಎರಡೂ ಪಾದ ಕೂಡಿಸಿ ಮೊಣಕಾಲು ಮಡಚಿ ನೆಲಕ್ಕಿಳಿಯುವದು, ಇಷ್ಟು ಕಲಿತರೆ ಬಹಳವಾಯಿತು. ಇಳಿಯಲು ಬಾರದವನಿಗೆ ಏರಲು ಕಲಿಸುವದು ಅಪರಾಧ. ಮುಂದೆ ಎತ್ತುವಿಕೆಗೆ ತೊಡಗಿದಾಗ ತಳದಲ್ಲಿ ಇಬ್ಬರು, ಬೆನ್ನ ಹಿಂದೆ ಕಣ್ಣು ಕೀಳದೆ ನಿಂತು ಬಿದ್ದವರ ತಲೆ ಕೊರಳುಗಳನ್ನು ಕಾಯುವ ಒಬ್ಬರು ಇರಲೇಬೇಕು. ಈ ಕಾಯುವವನ ಕೆಲಸವು ಮೇಲೇರಿ ಕೈಬೀಸುವವಳ ಕೆಲಸಕ್ಕಿಂತ ಹಿರಿದೆಂದು ಮೊದಲ ದಿನದಿಂದಲೇ ಮಕ್ಕಳ ತಲೆಯಲ್ಲಿ ತುಂಬತಕ್ಕದ್ದು. ವರ್ಷ ತುಂಬುವವರೆಗೆ ಸೊಂಟದ ಮಟ್ಟವನ್ನು ಮೀರಬಾರದು. ಮೇಲಕ್ಕೆಸೆದು ಹಿಡಿಯುವ ಆಟವು ಈ ಮೇಳಕ್ಕೆ ಎಂದಿಗೂ ಬೇಡ. ಡಾಂಬರು, ಸಿಮೆಂಟಿನ ನೆಲ ಸರ್ವಥಾ ಕೂಡದು. ನಮ್ಮ ಗರಡಿಯ ವಸ್ತಾದರು ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆರಸ ಬೆರೆಸಿ ದಿನಾಲು ಕೆದರಿ ಹದಮಾಡುವದು ಸುಮ್ಮನೆ ಅಲ್ಲ. ಬೀಳುವವನ ಮೈಯನ್ನು ನೆಲವು ಹಿಡಿದುಕೊಳ್ಳಬೇಕೆಂದು. ಹಾಗೆ ಕೆದರಿದ ಮಣ್ಣು ಹೆಜ್ಜೆಗೂ ಜಿಗಿತಕ್ಕೂ ಸಾಕು. ಉರುಳಿಗೂ ಎತ್ತುವಿಕೆಗೂ ದಪ್ಪ ಗಾದಿಗಳು ಬೇಕೇ ಬೇಕು. ಗಾದಿಗೆ ಹಣ ಕೂಡುವವರೆಗೆ ಅವುಗಳನ್ನು ಕಲಿಸಬೇಡಿರಿ.

ಶಿಕ್ಷಕನು ತರುಣನಾಗಿರುವದರಿಂದ ಇನ್ನೊಂದು ಎಚ್ಚರವೂ ಬೇಕು. ನಿನ್ನೆ ತಾನೇ ಜೊತೆಗೆ ಆಡಿದ ಹುಡುಗರು ಇಂದು ಅವನ ಮಾತನ್ನು ಕೇಳಲಿಕ್ಕಿಲ್ಲ. ಕೇಳದಿದ್ದಾಗ ಚೀರುವದಾಗಲಿ ಹೊಡೆಯುವದಾಗಲಿ ಅವನ ಅಧಿಕಾರವನ್ನು ಹೆಚ್ಚಿಸುವದಿಲ್ಲ. ಅಭ್ಯಾಸದ ಹೊತ್ತಿಗೆ ಅಂಗಳದಲ್ಲಿ ಪಾಲಕರಲ್ಲಿ ಒಬ್ಬರಾದರೂ, ವಿಶೇಷತಃ ಒಬ್ಬ ತಾಯಿಯಾದರೂ, ಕುಳಿತಿರಬೇಕು. ಮಕ್ಕಳನ್ನು ಮುಟ್ಟಿ ತಿದ್ದಬೇಕಾದ ಈ ವಿದ್ಯೆಯಲ್ಲಿ ಅದು ಮಕ್ಕಳಿಗೂ ರಕ್ಷಣೆ, ಶಿಕ್ಷಕರಿಗೂ ರಕ್ಷಣೆ. ಯಾರ ಮನೆಗೆ ಹೋಗಿ ಕೇಳಬೇಕೋ ಅಲ್ಲಿ ತಾನೇ ಹೋಗಿ, “ಅವ್ವಾ, ನಿಮ್ಮ ಮಗಳು ನನ್ನ ತಂಗಿ ಇದ್ದಾಂಗ, ಏಳು ಗಂಟೆಯೊಳಗ ಮನೀಗೆ ಮುಟ್ಟಸ್ತೀವಿ” ಎಂದು ಹೇಳಿ, ಹೇಳಿದಂತೆ ನಡೆಯಬೇಕು. ಅಚ್ಚು ಹಾಕಿಸಿದ ಕರಪತ್ರದಿಂದ ಆಗದ ಕೆಲಸವು ಹೀಗೆ ಆದೀತು.

ಮಕ್ಕಳನ್ನು ಆರಿಸುವ ಪರೀಕ್ಷೆಯಂತೂ ಬೇಡವೇ ಬೇಡ. ಪಂದ್ಯ ಗೆಲ್ಲುವ ತಂಡಕ್ಕೆ ಆಯ್ಕೆ ಬೇಕು. ಊರ ಮಕ್ಕಳ ವಿನೋದಕ್ಕೆಂದು ಕಟ್ಟುವ ಮೇಳಕ್ಕೆ ಬಂದವರೆಲ್ಲ ಬೇಕು. ಮೈ ದಪ್ಪಗಿರುವ ಹುಡುಗಿಯು ತಳಕ್ಕೆ ಆಧಾರವಾಗುತ್ತಾಳೆ, ದನಿ ದೊಡ್ಡದಿರುವವನು ಘೋಷಣೆ ಹಿಡಿಯುತ್ತಾನೆ, ಕಾಲು ಊನವಾದವನು ಹಲಗಿ ಹಿಡಿಯುತ್ತಾನೆ. ಬೇರೆ ಆಟಗಳಲ್ಲಿ ಕಟ್ಟೆಯ ಮೇಲೆ ಕೂಡ್ರುವವರಿಗೆ ಇದರಲ್ಲಿ ಸ್ಥಾನವಿದೆ. ನಾವು ಈ ಆಟದ ಪಕ್ಷ ವಹಿಸಲು ಇದೇ ಮುಖ್ಯ ಕಾರಣವೆಂದರೂ ತಪ್ಪಿಲ್ಲ. ಯಾರ ಓಣಿಯ ಮಗು ಯಾರ ಹೆಗಲ ಮೇಲೆ ಕೈಯಿಟ್ಟಿತೆಂದು ಎಣಿಸುವ ಹಿರಿಯರು ಇದ್ದರೆ ಅವರು ಅಭ್ಯಾಸದ ಹೊತ್ತಿಗೆ ಮನೆಯಲ್ಲಿಯೇ ವಿಶ್ರಮಿಸುವದು ಲೇಸು.

ಘೋಷಣೆಗಳು ಕನ್ನಡದಲ್ಲಿಯೇ ಇರಲಿ. ಇಂಗ್ಲಿಷಿನ ಕೂಗನ್ನು ಅರ್ಥವರಿಯದೆ ಗಿಳಿಯಂತೆ ಒದರುವದರಿಂದ ಹುರುಪು ಬರುವದಿಲ್ಲ. ಎರಡೆರಡು ಮಾತ್ರೆಯ ಚಿಕ್ಕ ಶಬ್ದಗಳು ನಮ್ಮ ಆಡುನುಡಿಯಲ್ಲಿ ಬೇಕಾದಷ್ಟಿವೆ. ಮಕ್ಕಳೇ ಅವನ್ನು ಹೊಸೆಯಲಿ. ಮನೆಯಲ್ಲಿ ಮರಾಠಿಯಾಡುವ ಮಗುವೂ ಹುಕ್ಕೇರಿ ತಾಲೂಕಿನದೇ ಮಗುವಾದುದರಿಂದ ಅದನ್ನೂ ಸಾಲಿನಲ್ಲಿ ನಿಲ್ಲಿಸಿಕೊಂಡು ಕೂಗಲಿ. ಭಾಷೆಯನ್ನು ಅಭಿಮಾನದಿಂದ ಕಲಿಸುವದಕ್ಕೆ ಇದಕ್ಕಿಂತ ಸುಲಭವಾದ ಪಾಠಶಾಲೆ ಯಾವದು? ಒಂದೇ ಕಟ್ಟಳೆ: ತಮ್ಮವರನ್ನು ಹೊಗಳಬೇಕು, ಎದುರಿನವರನ್ನು ಹಳಿಯಬಾರದು. ಎದುರಿನವರನ್ನು ಹಳಿಯುವ ಕೂಗುಗಳ ತರಬೇತಿಯು ಐದು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ನಮ್ಮ ಹುಡುಗರಿಗೆ ಪುಕ್ಕಟೆಯಾಗಿ ದೊರೆಯುತ್ತಲೇ ಇದೆ.

ಅಧಿಕಾರಿಗಳಿಂದ ಬೇಕಾದದ್ದು ಹೆಚ್ಚಿನದೇನಲ್ಲ. ಗ್ರಾಮ ಪಂಚಾಯಿತಿಯವರು ಸಾಯಂಕಾಲದ ಒಂದೂವರೆ ತಾಸು ಶಾಲೆಯ ಅಂಗಳದ ಬೀಗ ತೆರೆಯಿಸಿ, ಮೂಲೆಯಲ್ಲಿ ಒಂದು ದೀಪ ಹಾಕಿಸಲಿ. ಶಿಕ್ಷಣ ಇಲಾಖೆಯವರು ತಾಲೂಕಿನ ದೈಹಿಕ ಶಿಕ್ಷಕರಲ್ಲಿ ಒಬ್ಬರನ್ನು ತಿಂಗಳಿಗೆರಡು ಸಲ ಕಳಿಸಿ ನೋಡಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರು, ಬಿದ್ದ ಮಗುವನ್ನು ಹೇಗೆ ಎತ್ತಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ಎತ್ತದೆ ಬಿಡಬೇಕೆಂಬದನ್ನು ಆ ತರುಣ ಶಿಕ್ಷಕರಿಗೆ ಒಂದು ದಿನ ಕಲಿಸಲಿ. ಗಾದಿಗಳ ಹಣವನ್ನು ಸಕ್ಕರೆ ಕಾರಖಾನೆಗಳ ಮಾಲಕರಾಗಲಿ ಸಹಕಾರಿ ಸಂಘದವರಾಗಲಿ ಕೊಟ್ಟರೆ ಸಂತೋಷವೇ. ಆದರೆ ಗಾದಿಯ ಮೇಲೆ ದಾನಿಗಳ ಭಾವಚಿತ್ರ ಬೇಡ, ಮಕ್ಕಳು ಅದರ ಮೇಲೆ ಉರುಳತಕ್ಕವರು. ಮಂತ್ರಿಗಳು ಬರುವ ದಿನ ಬಿಸಿಲಲ್ಲಿ ಎರಡು ತಾಸು ನಿಲ್ಲಿಸಿ ಪುಷ್ಪವೃಷ್ಟಿ ಮಾಡಿಸಲು ಈ ಮಕ್ಕಳನ್ನು ಕಳಿಸೆಂದು ಯಾರಾದರೂ ಕೇಳಿದರೆ ಶಿಕ್ಷಕನು ನಮ್ರತೆಯಿಂದ ಇಲ್ಲವೆನ್ನಬೇಕು. ಮಳೆಗಾಲ ಕಳೆದು ಅಂಗಳ ಒಣಗಿದ ಮೇಲೆ ಅಭ್ಯಾಸಕ್ಕೆ ತೊಡಗುವದು ಒಳ್ಳೆಯದು. ಮೊದಲನೆಯ ಪ್ರದರ್ಶನವು ತಂದೆತಾಯಿಗಳ ಎದುರಿಗೆ ಅದೇ ಅಂಗಳದಲ್ಲಿ ನಡೆಯಲಿ. ಗಣರಾಜ್ಯೋತ್ಸವದ ಮೆರವಣಿಗೆಗೆ ಕರೆ ಬಂದರೆ ಬರುವ ಜನವರಿ 26ಕ್ಕೆ ಬೇಡ. ಅದರ ಮುಂದಿನ ವರ್ಷಕ್ಕೆ ನೋಡಿದರಾಯಿತು.